ಪೈಥಾನ್‌ನಿಂದ ಆರ್ಡುಯಿನೊ ರಿಲೇ ಆನ್ ಮಾಡಿದರೆ ಒಂದೇ ಸೆಕೆಂಡಿಗೆ ತಾನಾಗಿ ಆಫ್ ಆಗುತ್ತದೆ, ಯಾಕೆ?

ತೋಟದಮನೆ:

ನಮಸ್ಕಾರ. ಲ್ಯಾಪ್‌ಟಾಪಿನಿಂದ ಸೀರಿಯಲ್ (ಒಂದೊಂದೇ ಬೈಟ್ ಸಾಲಾಗಿ ಕಳಿಸುವ ಸಂಪರ್ಕ) ಮೂಲಕ ನಾಲ್ಕು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ನಡೆಸಬೇಕು. ಅರ್ಧ ಕೆಲಸ ಆಗಿದೆ, ಇನ್ನರ್ಧ ತಲೆ ತಿನ್ನುತ್ತಿದೆ.

ಇರುವ ಸಾಮಾನು: ಆರ್ಡುಯಿನೊ ಊನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡು (ಒರಿಜಿನಲ್ ಅಲ್ಲ, ಸಿಎಚ್340 ಎಂಬ ಯುಎಸ್‌ಬಿ-ಸೀರಿಯಲ್ ಚಿಪ್ಪಿನ ಕ್ಲೋನ್), 5 ವೋಲ್ಟಿನ ನಾಲ್ಕು ಚಾನೆಲ್ ರಿಲೇ ಬೋರ್ಡು, ಉಬುಂಟು 22.04, ಪೈಥಾನ್ 3, ಅದರ ಸೀರಿಯಲ್ ಲೈಬ್ರರಿ ಪೈಸೀರಿಯಲ್. ರಿಲೇಗಳು 4, 5, 6, 7ನೇ ಪಿನ್ನುಗಳಲ್ಲಿವೆ. ವೇಗ ಸೆಕೆಂಡಿಗೆ 9600 ಬಿಟ್. ರಿಲೇ ಬೋರ್ಡಿಗೆ ಸಪ್ಲೈ ಊನೊದ 5 ವೋಲ್ಟ್ ಪಿನ್ನಿನಿಂದಲೇ. ಎರಡನೇ ರಿಲೇ ಪಂಪಿನ ಕಾಂಟ್ಯಾಕ್ಟರ್ (ಮೋಟಾರು ನಡೆಸುವ ದೊಡ್ಡ ರಿಲೇ) ಕಾಯಿಲನ್ನು ನಡೆಸಬೇಕು (230 ವೋಲ್ಟಿನ ಕಾಯಿಲ್), ಉಳಿದ ಮೂರಕ್ಕೆ ಸದ್ಯಕ್ಕೆ ಬಲ್ಬು.

ಸ್ಕೆಚ್ (ಊನೊದೊಳಗಿನ ಪ್ರೋಗ್ರಾಂ): ಶುರುವಿನಲ್ಲಿ ಒಮ್ಮೆ ಓಡುವ ಸೆಟಪ್‌ನಲ್ಲಿ ಸೀರಿಯಲ್ ಬಿಗಿನ್, ನಾಲ್ಕೂ ಪಿನ್ ಔಟ್‌ಪುಟ್, ಅರ್ಧ ಸೆಕೆಂಡ್ ಡಿಲೇ, ಆಮೇಲೆ ನಾಲ್ಕಕ್ಕೂ ಹೈ (5 ವೋಲ್ಟ್). ಬೋರ್ಡು ಲೋ (0 ವೋಲ್ಟ್) ಕೊಟ್ಟರೆ ಆನ್ ಆಗುವ ಜಾತಿಯದು. ಲೂಪ್‌ನಲ್ಲಿ ಸೀರಿಯಲ್ ಅವೈಲಬಲ್ (ಬಂದು ಕಾಯುತ್ತಿರುವ ಬೈಟುಗಳ ಎಣಿಕೆ) ಸೊನ್ನೆಗಿಂತ ಹೆಚ್ಚಿದ್ದರೆ ಪಾರ್ಸ್‌ಇಂಟ್‌ನಿಂದ ಸಂಖ್ಯೆ ಓದುತ್ತೇನೆ. 11 ಬಂದರೆ ಒಂದನೇ ರಿಲೇ ಆನ್, 10 ಬಂದರೆ ಆಫ್, ಎರಡನೆಯದಕ್ಕೆ 21, 20, ಹೀಗೇ ಮುಂದಕ್ಕೆ. ಬರೀ 0 ಬಂದರೆ ಎಲ್ಲವೂ ಆಫ್.

ಪೈಥಾನ್ ಸ್ಕ್ರಿಪ್ಟನ್ನು ಕ್ರಾನ್ ಎಂಬ ಲಿನಕ್ಸ್ ಸೇವೆ ಹೊತ್ತಿಗೆ ಸರಿಯಾಗಿ ಓಡಿಸುತ್ತದೆ. ಪೋರ್ಟ್ ತೆರೆಯುವುದು, ಸಂಖ್ಯೆ ಮತ್ತು ನ್ಯೂಲೈನ್ (ಸಾಲು ಮುಗಿಯಿತೆನ್ನುವ ಬೈಟ್) ಕಳಿಸುವುದು, ಮುಚ್ಚುವುದು, ಅಷ್ಟೇ.

ತೊಂದರೆ ಮೂರು. ಒಂದು, ಸ್ಕ್ರಿಪ್ಟ್ ಓಡಿದ ಸ್ವಲ್ಪ ಹೊತ್ತಿಗೆ ನಾಲ್ಕೂ ರಿಲೇ ಟಕ್ ಎಂದು ಆನ್ ಆಗಿ ಆಫ್ ಆಗುತ್ತವೆ. ಮೊದಲೇ ಆನ್ ಇದ್ದದ್ದೂ ಆಫ್. ಎರಡು, ಕಳಿಸಿದ ಆಜ್ಞೆ ಮುಟ್ಟುವುದೇ ಇಲ್ಲ. ಪೋರ್ಟ್ ತೆರೆದ ಮೇಲೆ 2 ಸೆಕೆಂಡ್ ಸ್ಲೀಪ್ ಹಾಕಿದರೆ ಮುಟ್ಟುತ್ತದೆ. ಮೂರು, ಮುಟ್ಟಿದರೂ ರಿಲೇ ಒಂದೇ ಸೆಕೆಂಡ್ ಆನ್ ಇದ್ದು ಆಫ್ ಆಗುತ್ತದೆ. ವಿಚಿತ್ರ ಎಂದರೆ, ಸೀರಿಯಲ್ ಮಾನಿಟರಿನಲ್ಲಿ ಲೈನ್ ಎಂಡಿಂಗ್ ಬೇಡ ಎಂದು ಇಟ್ಟು 11 ಕಳಿಸಿದರೆ ರಿಲೇ ಆನ್ ಆಗಿಯೇ ಉಳಿಯುತ್ತದೆ, ಆದರೆ ಒಂದು ಸೆಕೆಂಡ್ ತಡವಾಗಿ.

ರಿಲೇ ಬೋರ್ಡೇ ಕೆಟ್ಟಿದೆಯೋ?

ಬೆಸುಗೆಕಡ್ಡಿ:

ಬೋರ್ಡು ಚೆನ್ನಾಗಿದೆ ಸರ್, ಬದಲಿಸಬೇಡಿ. ಮೂರೂ ಸಾಫ್ಟ್‌ವೇರ್ ಕಡೆಯವು. ನೀವು ಕೊನೆಗೆ ಬರೆದ "ವಿಚಿತ್ರ"ದಲ್ಲೇ ಮೂರನೆಯದಕ್ಕೆ ಉತ್ತರ ಇದೆ, ಅಲ್ಲಿಂದಲೇ ಹಿಡಿಯುತ್ತೇನೆ.

ಪಾರ್ಸ್‌ಇಂಟ್ ಅಂಕೆಗಳನ್ನು ಓದುತ್ತಾ ಹೋಗಿ, ಅಂಕೆಯಲ್ಲದ್ದು ಕಂಡ ತಕ್ಷಣ ನಿಲ್ಲುತ್ತದೆ. ಆ ಅಂಕೆಯಲ್ಲದ ಬೈಟನ್ನು ಅದು ತೆಗೆಯುವುದಿಲ್ಲ, ಇಣುಕಿ ನೋಡಿ ಅಲ್ಲೇ ಬಿಡುತ್ತದೆ. ನೀವು ಕಳಿಸುವುದು ಮೂರು ಬೈಟ್: 1, 1, ನ್ಯೂಲೈನ್. ಮೊದಲ ಸಲ 11 ಸಿಕ್ಕಿತು, ರಿಲೇ ಆನ್. ನ್ಯೂಲೈನ್ ಬಫರಿನಲ್ಲೇ (ಬಂದ ಬೈಟುಗಳು ಕಾಯುವ ಜಾಗದಲ್ಲಿ) ಉಳಿಯಿತು. ಲೂಪ್ ಮತ್ತೆ ಬಂದಾಗ ಅವೈಲಬಲ್ 1 ಎನ್ನುತ್ತದೆ, ಪಾರ್ಸ್‌ಇಂಟ್ ಮತ್ತೆ ಓಡುತ್ತದೆ, ನ್ಯೂಲೈನನ್ನು ಎಸೆದು ಅಂಕೆಗಾಗಿ ಕಾಯುತ್ತದೆ. ಕಾಯುವ ಮಿತಿ ಡಿಫಾಲ್ಟ್ ಆಗಿ 1000 ಮಿಲಿಸೆಕೆಂಡ್. ಅಷ್ಟರಲ್ಲಿ ಏನೂ ಬರದಿದ್ದರೆ 0 ವಾಪಸ್ ಕೊಡುತ್ತದೆ. ನಿಮ್ಮ ಸ್ಕೆಚ್ಚಿನಲ್ಲಿ 0 ಅಂದರೆ "ಎಲ್ಲವೂ ಆಫ್". ಆ ಒಂದು ಸೆಕೆಂಡ್ ಎಲ್ಲಿಂದ ಬಂತೆಂದು ಈಗ ಗೊತ್ತಾಯಿತಲ್ಲ.

ಲೈನ್ ಎಂಡಿಂಗ್ ಇಲ್ಲದೆ ಕಳಿಸಿದಾಗ ಸಂಖ್ಯೆ ಮುಗಿಯಿತೆಂದು ಪಾರ್ಸ್‌ಇಂಟ್‌ಗೆ ಹೇಳುವವರಿಲ್ಲ. ಇನ್ನೊಂದು ಅಂಕೆ ಬಂದೀತೆಂದು ಅದೇ 1000 ಮಿಲಿಸೆಕೆಂಡ್ ಕಾದು 11 ಕೊಡುತ್ತದೆ. ಅದಕ್ಕೇ ತಡ. ಹಿಂದೆ ನ್ಯೂಲೈನ್ ಇಲ್ಲವಾದ್ದರಿಂದ ಆಫ್ ಆಗುವುದಿಲ್ಲ.

ಟೈಮ್‌ಔಟನ್ನು 50ಕ್ಕೆ ಇಳಿಸಿದರೆ ಸರಿಹೋಯಿತು ಎಂದುಕೊಳ್ಳಬೇಡಿ, ರಿಲೇ ಇನ್ನೂ ಬೇಗ ಆಫ್ ಆಗುತ್ತದೆ ಅಷ್ಟೇ. ಪಾರ್ಸ್‌ಇಂಟನ್ನೇ ಬಿಡುವುದು ಒಳ್ಳೆಯದು. 0 ಎಂಬುದು ನಿಜವಾದ ಆಜ್ಞೆಯೋ, ಏನೂ ಸಿಗಲಿಲ್ಲ ಎಂಬ ಸೂಚನೆಯೋ ಎಂದು ಅದರಿಂದ ತಿಳಿಯುವ ದಾರಿಯೇ ಇಲ್ಲ.

ಎರಡನೆಯದು ರೀಸೆಟ್. ಪೋರ್ಟ್ ತೆರೆದಾಗ ಕಂಪ್ಯೂಟರ್ ಡಿಟಿಆರ್ ಲೈನನ್ನು (ತಾನು ಸಿದ್ಧ ಎಂದು ಹೇಳುವ ಸಿಗ್ನಲ್) ಎಳೆಯುತ್ತದೆ. ಊನೊದಲ್ಲಿ ಆ ಲೈನು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ರೀಸೆಟ್ ಪಿನ್ನಿಗೆ ಹೋಗಿದೆ. ಅಪ್‌ಲೋಡ್ ಮಾಡುವಾಗ ಪ್ರತಿ ಸಲ ಬಟನ್ ಒತ್ತುವುದು ತಪ್ಪಲಿ ಎಂದು ಮಾಡಿದ ಏರ್ಪಾಡು. ರೀಸೆಟ್ ಆದಮೇಲೆ ಮೊದಲು ಬೂಟ್‌ಲೋಡರ್ ಓಡುತ್ತದೆ, ಸುಮಾರು ಒಂದು ಸೆಕೆಂಡ್ ಹೊಸ ಸ್ಕೆಚ್ ಬರುತ್ತದೆಯೋ ಎಂದು ನೋಡುತ್ತದೆ. ನೀವು ಆಗ ಕಳಿಸಿದ 11 ಬೂಟ್‌ಲೋಡರಿನ ಕೈಗೆ ಬೀಳುತ್ತದೆ. ಅದು ಕೇಳಿಸಿಕೊಳ್ಳುವುದೂ 115200ರಲ್ಲಿ, ನೀವು ಹೇಳುವುದು 9600ರಲ್ಲಿ.

ಮೊದಲನೆಯದೂ ಇದರದೇ ಬಾಲ. ಕ್ರಾನ್ ಪ್ರತಿ ಸಲ ಪೋರ್ಟ್ ತೆರೆಯುತ್ತದೆ, ಪ್ರತಿ ಸಲ ಊನೊ ರೀಸೆಟ್, ಆನ್ ಇದ್ದದ್ದು ಹೋಯಿತು. ನಾಲ್ಕೂ ಟಕ್ ಅನ್ನುವುದಕ್ಕೆ ಕಾರಣ ನಿಮ್ಮ ಅರ್ಧ ಸೆಕೆಂಡ್ ಡಿಲೇ. ರೀಸೆಟ್ ಆದಾಗ ಔಟ್‌ಪುಟ್ ರಿಜಿಸ್ಟರಿನಲ್ಲಿ ಸೊನ್ನೆ ಇರುತ್ತದೆ. ಪಿನ್ನನ್ನು ಔಟ್‌ಪುಟ್ ಎಂದ ಕೂಡಲೇ ಅದು ಲೋ, ಅಂದರೆ ನಿಮ್ಮ ಬೋರ್ಡಿಗೆ ಆನ್. ತಕ್ಷಣ ಹೈ ಬರೆದಿದ್ದರೆ ಕೆಲವೇ ಮೈಕ್ರೊಸೆಕೆಂಡ್, ಅಷ್ಟರಲ್ಲಿ ರಿಲೇ ಅಲುಗುವುದಿಲ್ಲ. ಅರ್ಧ ಸೆಕೆಂಡ್ ಸಿಕ್ಕರೆ ನಾಲ್ಕೂ ಎಳೆಯುತ್ತವೆ. ಕ್ರಮ ತಿರುಗಿಸಿ: ಮೊದಲು ಡಿಜಿಟಲ್‌ರೈಟ್‌ನಿಂದ ಹೈ, ಆಮೇಲೆ ಪಿನ್‌ಮೋಡ್ ಔಟ್‌ಪುಟ್. ಡಿಲೇ ತೆಗೆಯಿರಿ.

ಮಿಣುಕುಹುಳ:

ಇಷ್ಟೆಲ್ಲ ಯಾಕೆ ಸ್ವಾಮಿ? ರೀಸೆಟ್ ಪಿನ್ನಿಗೂ ಗ್ರೌಂಡಿಗೂ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು ಚುಚ್ಚಿ, ಪ್ಲಸ್ ಕಾಲು ರೀಸೆಟ್‌ಗೆ. ರೀಸೆಟ್ ಆಗುವುದೇ ಇಲ್ಲ. ಉಳಿದ ನ್ಯೂಲೈನ್ ತೆಗೆಯಲು ಪಾರ್ಸ್‌ಇಂಟ್ ಆದಮೇಲೆ ಸೀರಿಯಲ್ ಫ್ಲಶ್ ಹಾಕಿ. ಎರಡು ನಿಮಿಷದ ಕೆಲಸ.

ಬೆಸುಗೆಕಡ್ಡಿ:

ಕೆಪಾಸಿಟರ್ ಮಾತು ಸರಿ, ಫ್ಲಶ್ ಮಾತು ತಪ್ಪು. 2011ರಲ್ಲಿ ಆರ್ಡುಯಿನೊ 1.0 ಬಂದಾಗಿನಿಂದ ಫ್ಲಶ್ ಎಂದರೆ ಹೊರಗೆ ಹೋಗಬೇಕಾದ ಬೈಟುಗಳು ಹೋಗಿ ಮುಗಿಯುವವರೆಗೆ ಕಾಯುವುದು. ಒಳಬಂದದ್ದನ್ನು ಅದು ಮುಟ್ಟುವುದಿಲ್ಲ. ಹಳೆಯ ಪಾಠಗಳಲ್ಲಿ ಇನ್ನೂ ಹಳೆಯ ಅರ್ಥದಲ್ಲೇ ಬಳಸಿರುತ್ತಾರೆ. ಅವೈಲಬಲ್ ಇರುವವರೆಗೆ ಓದಿ ಎಸೆಯುವ ಲೂಪ್ ಬರೆದರೂ, ಹಿಂದೆಯೇ ಇನ್ನೊಂದು ಆಜ್ಞೆ ಬಂದಿದ್ದರೆ ಅದನ್ನೂ ಎಸೆಯುತ್ತದೆ. ಒಂದೊಂದು ಸಲ ಮಾತ್ರ ತಪ್ಪುವ ಇಂಥ ದೋಷ ಹುಡುಕುವುದೇ ಕಷ್ಟ.

ಕೆಪಾಸಿಟರ್ ಹಾಕಿದ ಮೇಲೆ ಅಪ್‌ಲೋಡ್ ಆಗುವುದಿಲ್ಲ, ಸ್ಕೆಚ್ ಬದಲಿಸುವಾಗಲೆಲ್ಲ ಕೀಳಬೇಕು. ಲಿನಕ್ಸಿನಲ್ಲಿ ಎಸ್‌ಟಿಟಿವೈ ಆಜ್ಞೆಯಿಂದ ಆ ಪೋರ್ಟಿನ ಹಪ್‌ಸಿಎಲ್ ಎಂಬ ಸೆಟ್ಟಿಂಗ್ ತೆಗೆದರೂ ನಡೆಯುತ್ತದೆ: ಮುಚ್ಚುವಾಗ ಡಿಟಿಆರ್ ಬೀಳುವುದಿಲ್ಲ, ಮತ್ತೆ ತೆರೆದಾಗ ರೀಸೆಟ್ ಆಗುವುದಿಲ್ಲ. ಕೇಬಲ್ ಚುಚ್ಚಿದ ಮೇಲಿನ ಮೊದಲ ತೆರೆಯುವಿಕೆಗೆ ಮಾತ್ರ ರೀಸೆಟ್ ತಪ್ಪದು.

ನನ್ನ ಅಭಿಪ್ರಾಯ ಕೇಳಿದರೆ ಎರಡೂ ಬೇಡ. ಪೋರ್ಟನ್ನು ಒಮ್ಮೆ ತೆರೆದು ಹಿಡಿದುಕೊಂಡೇ ಇರುವ ಒಂದು ಪ್ರೋಗ್ರಾಂ ಸದಾ ಓಡುತ್ತಿರಲಿ, ಹೊತ್ತಿನ ಲೆಕ್ಕವೂ ಅದರೊಳಗೇ ಇರಲಿ. 2 ಸೆಕೆಂಡ್ ಸ್ಲೀಪ್ ಎಂಬ ಅಂದಾಜಿನ ಬದಲು, ಸೆಟಪ್‌ನ ಕೊನೆಯಲ್ಲಿ ಊನೊ "ರೆಡಿ" ಎಂಬ ಸಾಲು ಕಳಿಸಲಿ, ಪೈಥಾನ್ ಅದನ್ನು ಓದಿದ ಮೇಲೆಯೇ ಬಾಯಿ ಬಿಡಲಿ.

ಹಳೇಟರ್ಮಿನಲ್:

ಬೆಸುಗೆಕಡ್ಡಿಯವರು ಹೇಳಿದ್ದಕ್ಕೆ ಮುಂದುವರಿಕೆ. ಸೀರಿಯಲ್‌ನಲ್ಲಿ ಬರುವುದು ಬೈಟುಗಳ ಹೊಳೆ. ಒಂದು ಮಾತು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಅದಕ್ಕೆ ಗೊತ್ತಿಲ್ಲ. ಪೈಥಾನ್ ಒಂದೇ ಏಟಿಗೆ ಬರೆದದ್ದು ಆ ಕಡೆ ಎರಡು ಕಂತಿನಲ್ಲಿ ಸಿಗಬಹುದು, ಎರಡು ಸಲ ಬರೆದದ್ದು ಅಂಟಿಕೊಂಡು ಬರಬಹುದು. ಆದ್ದರಿಂದ ಗಡಿ ನೀವೇ ಹಾಕಬೇಕು.

ಆಜ್ಞೆ 4 ಬೈಟಿನದಾಗಿರಲಿ: ಇಂಗ್ಲಿಷಿನ ಆರ್ ಅಕ್ಷರ, ರಿಲೇ ಸಂಖ್ಯೆ, 1 ಅಥವಾ 0, ನ್ಯೂಲೈನ್. (ಉತ್ಸಾಹದಲ್ಲಿ ಕನ್ನಡದ "ರಿ" ಕಳಿಸಲು ಹೋಗಬೇಡಿ. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಅದೊಂದೇ 6 ಬೈಟ್.)

ಊನೊ ಕಡೆ 16 ಬೈಟಿನ ಕ್ಯಾರೆಕ್ಟರ್ ಅರೇ, ಒಂದು ಎಣಿಕೆ. ಲೂಪ್‌ನಲ್ಲಿ ಅವೈಲಬಲ್ ಇರುವವರೆಗೆ ಒಂದೊಂದೇ ಬೈಟ್ ಓದಿ. 13 ಬಂದರೆ, ಅಂದರೆ ಕ್ಯಾರೇಜ್ ರಿಟರ್ನ್, ಕಡೆಗಣಿಸಿ. ವಿಂಡೋಸ್ ಕಡೆಯ ಟರ್ಮಿನಲ್‌ಗಳು ಅದನ್ನೂ ಸೇರಿಸುತ್ತವೆ. 10 ಬಂದರೆ ಸಾಲು ಮುಗಿಯಿತು: ಕೊನೆಗೆ ಸೊನ್ನೆ ಬೈಟ್ ಇಟ್ಟು, ಆಜ್ಞೆ ನೋಡಿ, ಎಣಿಕೆ ಸೊನ್ನೆಗೆ ತನ್ನಿ. ಬೇರೆ ಏನೇ ಬಂದರೂ ಎಣಿಕೆ 15ಕ್ಕಿಂತ ಕಡಿಮೆ ಇದ್ದರೆ ಮಾತ್ರ ಅರೇಗೆ ಹಾಕಿ. ಈ ಮಿತಿ ಮರೆತರೆ ಕಸ ಬಂದ ದಿನ ಅರೇ ದಾಟಿ ಪಕ್ಕದ ವೇರಿಯಬಲ್ ಮೇಲೆ ಬರೆಯುತ್ತದೆ, ರಿಲೇ ದೆವ್ವ ಹಿಡಿದಂತೆ ಆಡುತ್ತದೆ. ಆಜ್ಞೆ ನೋಡುವಾಗ ಉದ್ದ ಸರಿಯಾಗಿ 3, ಮೊದಲನೆಯದು ಆರ್, ಎರಡನೆಯದು 1ರಿಂದ 4, ಮೂರನೆಯದು 0 ಅಥವಾ 1, ಎಲ್ಲವೂ ಹೊಂದಿದರೆ ಮಾತ್ರ ಕೆಲಸ.

ಇಲ್ಲಿ ಸುಮಾರು ಜನ ಎಡವುವ ಜಾಗ ಒಂದಿದೆ. ಬಂದದ್ದು 1 ಎಂಬ ಅಕ್ಷರ, ಅದರ ಬೆಲೆ 49. 0 ಎಂಬ ಅಕ್ಷರದ ಬೆಲೆ 48. ಅದನ್ನು ಹಾಗೇ ಡಿಜಿಟಲ್‌ರೈಟ್‌ಗೆ ಕೊಟ್ಟರೆ 48 ಸೊನ್ನೆಯಲ್ಲವಾದ್ದರಿಂದ ಎರಡೂ ಹೈ. 48 ಕಳೆದು ಬಳಸಿ, ನಿಮ್ಮ ಬೋರ್ಡಿಗೆ ಲೋ ಎಂದರೆ ಆನ್ ಎಂಬುದು ನೆನಪಿರಲಿ.

ಕೆಲಸ ಆದಮೇಲೆ ಊನೊ "ಓಕೆ" ಜೊತೆಗೆ ಅದೇ ಆಜ್ಞೆಯನ್ನು ಮರಳಿ ಹೇಳಲಿ. ಪೈಥಾನ್ ಅರ್ಧ ಸೆಕೆಂಡ್ ಟೈಮ್‌ಔಟ್ ಇಟ್ಟು ರೀಡ್‌ಲೈನ್ ಮಾಡಲಿ, ಉತ್ತರ ಬರದಿದ್ದರೆ ಮತ್ತೆ ಕಳಿಸಲಿ, ಮೂರು ಸಲಕ್ಕೆ ನಿಲ್ಲಿಸಲಿ. ಮತ್ತೆ ಕಳಿಸಿದರೆ ತೊಂದರೆ ಆಗಬಾರದೆಂದರೆ ಆಜ್ಞೆ "ಆನ್ ಆಗು" ಎಂದಿರಬೇಕೇ ಹೊರತು "ಇರುವುದನ್ನು ತಿರುಗಿಸು" ಎಂದಿರಬಾರದು. ತಿರುಗಿಸುವ ಆಜ್ಞೆ ಮುಟ್ಟಿ, ಉತ್ತರ ಮಾತ್ರ ಕಳೆದುಹೋದರೆ, ಎರಡನೇ ಸಲ ಕಳಿಸಿದಾಗ ಪಂಪು ನಿಂತಿರುತ್ತದೆ.

ವೇಗ 9600 ಸಾಕು, 115200ಕ್ಕೆ ಏರಿಸಬೇಡಿ. ಒಂದು ಬೈಟಿಗೆ ಸ್ಟಾರ್ಟ್ ಸ್ಟಾಪ್ ಸೇರಿ 10 ಬಿಟ್, ಅಂದರೆ ಸೆಕೆಂಡಿಗೆ 960 ಬೈಟ್. ನಿಮ್ಮ 4 ಬೈಟಿಗೆ 4 ಮಿಲಿಸೆಕೆಂಡ್ ಚಿಲ್ಲರೆ. ಊನೊದ 16 ಮೆಗಾಹರ್ಟ್ಸ್ ಗಡಿಯಾರದಲ್ಲಿ 115200 ಸರಿಯಾಗಿ ಕೂರುವುದಿಲ್ಲ, ಶೇ. 2.1ರಷ್ಟು ಹೆಚ್ಚು ಬರುತ್ತದೆ. 9600ರಲ್ಲಿ ತಪ್ಪು ಶೇ. 0.2. ಮೇಜಿನ ಮೇಲೆ ಎರಡೂ ನಡೆಯುತ್ತವೆ, ಕಾಂಟ್ಯಾಕ್ಟರ್ ಪಕ್ಕದಲ್ಲಿ ನಿಧಾನವೇ ಕ್ಷೇಮ. ಲೂಪ್‌ನಲ್ಲಿ ಎಲ್ಲೂ ದೊಡ್ಡ ಡಿಲೇ ಬೇಡ: ಒಳಬರುವ ಬಫರ್ 64 ಬೈಟಿನದು, ತುಂಬಿದ ಮೇಲೆ ಬಂದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಪಂಪು ಇರುವುದರಿಂದ ಇದೊಂದನ್ನು ಖಂಡಿತ ಮಾಡಿ. ಲ್ಯಾಪ್‌ಟಾಪ್ ಹ್ಯಾಂಗ್ ಆದರೆ ಅಥವಾ ನಿದ್ದೆಗೆ ಹೋದರೆ ಪಂಪು ಓಡುತ್ತಲೇ ಇರುತ್ತದೆ. ಪೈಥಾನ್ ಪ್ರತಿ ಸೆಕೆಂಡಿಗೆ ಒಂದು "ಪಿ" ಸಾಲು ಕಳಿಸಲಿ. ಊನೊ ಕೊನೆಯ ಸರಿಯಾದ ಸಾಲು ಬಂದ ಹೊತ್ತನ್ನು ಮಿಲಿಸ್‌ನಿಂದ (ಊನೊ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡುಗಳ ಎಣಿಕೆ) ಬರೆದಿಟ್ಟುಕೊಂಡು, 5000 ದಾಟಿದರೆ ನಾಲ್ಕನ್ನೂ ಆಫ್ ಮಾಡಲಿ. ಲೆಕ್ಕ "ಈಗಿನದು ಕಳೆ ಹಿಂದಿನದು 5000ಕ್ಕಿಂತ ಹೆಚ್ಚೇ" ಎಂದಿರಲಿ, ಎರಡೂ ಅನ್‌ಸೈನ್ಡ್ ಲಾಂಗ್ (ಋಣ ಚಿಹ್ನೆಯಿಲ್ಲದ ದೊಡ್ಡ ಪೂರ್ಣಾಂಕ). ಹಾಗಿದ್ದರೆ 49 ದಿನ ಚಿಲ್ಲರೆಗೆ ಮಿಲಿಸ್ ಸೊನ್ನೆಗೆ ಮರಳಿದರೂ ಲೆಕ್ಕ ತಪ್ಪದು.

ಕಾಫಿಡಬರಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಪೋರ್ಟೇ ಕಾಣುತ್ತಿಲ್ಲ. ಇದೇ ಸಿಎಚ್340 ಕ್ಲೋನ್, ಇದೇ ಉಬುಂಟು 22.04. ಪವರ್ ಎಲ್ಇಡಿ ಉರಿಯುತ್ತಿದೆ.

ಮಿಣುಕುಹುಳ:

ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗ್‌ಗೆ ಮಾತ್ರ ಇರುವ ಕೇಬಲಿನಲ್ಲಿ ಡೇಟಾ ತಂತಿಯೇ ಇರುವುದಿಲ್ಲ, ಎಲ್ಇಡಿ ಮಾತ್ರ ಉರಿಯುತ್ತದೆ. ಆಮೇಲೆ ಡಿಮೆಸೇಜ್ (ಲಿನಕ್ಸ್ ಕರ್ನಲಿನ ಸಂದೇಶಗಳು) ನೋಡಿ. ಟಿಟಿವೈಯುಎಸ್‌ಬಿ0 (ಪೋರ್ಟಿನ ಹೆಸರು) ಬಂದು ತಕ್ಷಣ ಡಿಸ್‌ಕನೆಕ್ಟ್ ಅಂತಿದ್ದರೆ ಅದು ಬಿಆರ್‌ಎಲ್‌ಟಿಟಿವೈ. ಬ್ರೈಲ್ ಡಿಸ್‌ಪ್ಲೇಗಾಗಿ ಇರುವ ಸೇವೆ. ಸಿಎಚ್340ರ ಗುರುತು ಸಂಖ್ಯೆ ಒಂದು ಬ್ರೈಲ್ ಸಾಧನದ್ದರ ಜೊತೆ ಹೊಂದುವುದರಿಂದ ನಿಮ್ಮ ಬೋರ್ಡನ್ನು ಅದು ಕಸಿದುಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಬ್ರೈಲ್ ಬಳಸುವವರು ಇಲ್ಲದಿದ್ದರೆ ಪ್ಯಾಕೇಜ್ ತೆಗೆದುಹಾಕಿ.

ಪೋರ್ಟ್ ಕಂಡೂ ಪರ್ಮಿಷನ್ ಡಿನೈಡ್ ಬಂದರೆ ನಿಮ್ಮ ಯೂಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್ಔಟ್ ಆಗಿ ಬನ್ನಿ. ಪೈಥಾನ್ "ಸೀರಿಯಲ್‌ನಲ್ಲಿ ಸೀರಿಯಲ್ ಇಲ್ಲ" ಎಂದು ಬೈದರೆ, ಒಂದೋ ಪೈಸೀರಿಯಲ್ ಬದಲು ಸೀರಿಯಲ್ ಎಂಬ ಬೇರೆಯದೇ ಪ್ಯಾಕೇಜ್ ಹಾಕಿದ್ದೀರಿ, ಇಲ್ಲ ನಿಮ್ಮ ಫೈಲಿಗೇ ಸೀರಿಯಲ್ ಎಂದು ಹೆಸರಿಟ್ಟಿದ್ದೀರಿ.

ಬೋರ್ಡಿನ ಸೀರಿಯಲ್ ಚಿಪ್ ಸರಿ ಇದೆಯೇ ಎಂದು ನೋಡಲು ರೀಸೆಟ್ ಪಿನ್ನನ್ನು ಗ್ರೌಂಡಿಗೆ ಸೇರಿಸಿ, 0 ಮತ್ತು 1ನೇ ಪಿನ್ನುಗಳನ್ನು ಒಂದು ತಂತಿಯಿಂದ ಸೇರಿಸಿ, ಸೀರಿಯಲ್ ಮಾನಿಟರಿನಲ್ಲಿ ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದೇ ಮರಳಿ ಬಂದರೆ ಕೇಬಲ್, ಡ್ರೈವರ್, ಚಿಪ್ ಮೂರೂ ಪಾಸ್.

ಕಾಫಿಡಬರಿ:

ಬಿಆರ್‌ಎಲ್‌ಟಿಟಿವೈಯೇ. ತೆಗೆದ ಕೂಡಲೇ ಬಂತು. ಧನ್ಯವಾದ.

ತೋಟದಮನೆ:

ಎಲ್ಲರಿಗೂ ಧನ್ಯವಾದ. ಸಾಲು ಓದುವ ವಿಧಾನಕ್ಕೆ ಬದಲಿಸಿದೆ, ಹೈ ಮೊದಲು ಬರೆದೆ, ಕ್ರಾನ್ ಬಿಟ್ಟು ಸದಾ ಓಡುವ ಪ್ರೋಗ್ರಾಂ ಮಾಡಿದೆ, "ಪಿ" ಸಾಲೂ ಸೇರಿಸಿದೆ. ಮೂರೂ ತೊಂದರೆ ಹೋದವು.

ಈಗ ಹೊಸದೊಂದು. ಬಲ್ಬುಗಳು ದಿನವಿಡೀ ಸರಿಯಾಗಿ ನಡೆಯುತ್ತವೆ. ಪಂಪ್ ಆಫ್ ಮಾಡಿದಾಗ ನಾಲ್ಕೈದು ಸಲಕ್ಕೊಮ್ಮೆ ಪೋರ್ಟ್ ಮಾಯವಾಗಿ ಪೈಥಾನ್ ಸಾಯುತ್ತದೆ. ಡಿಮೆಸೇಜ್‌ನಲ್ಲಿ "ಡಿಸೇಬಲ್ಡ್ ಬೈ ಹಬ್", ಪಕ್ಕದಲ್ಲಿ ಇಎಂಐ (ವಿದ್ಯುತ್ಕಾಂತೀಯ ಅಡಚಣೆ) ಮತ್ತು ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ಪೋರ್ಟ್ ಟಿಟಿವೈಯುಎಸ್‌ಬಿ1 ಎಂಬ ಹೆಸರಿನಲ್ಲಿ ಬರುತ್ತದೆ.

ಹಳೇಟರ್ಮಿನಲ್:

ಕರ್ನಲ್ ಪ್ರಶ್ನಾರ್ಥಕ ಹಾಕಿ ಕೇಳಿದೆ, ಉತ್ತರ ಹೌದು. ಕಾಂಟ್ಯಾಕ್ಟರ್ ಕಾಯಿಲ್ ಬಿಡುವಾಗ ರಿಲೇಯ ಸಂಪರ್ಕದ ನಡುವೆ ಕಿಡಿ ಹಾರುತ್ತದೆ, ಆ ಗದ್ದಲ ಯುಎಸ್‌ಬಿ ಕೇಬಲ್ ಹಿಡಿದು ಲ್ಯಾಪ್‌ಟಾಪಿಗೆ ಹೋಗುತ್ತದೆ. ಆನ್ ಮಾಡುವಾಗ ಆಗದೆ ಆಫ್ ಮಾಡುವಾಗ ಆಗುವುದೇ ಇದರ ಗುರುತು.

ಮುಖ್ಯ ಮದ್ದು ಸ್ನಬ್ಬರ್ (ಕಿಡಿ ತಗ್ಗಿಸುವ ಜೋಡಣೆ): 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್ ಎಕ್ಸ್2 ಕೆಪಾಸಿಟರ್ (ಮೇನ್ಸಿಗೆಂದೇ ಮಾಡಿದ್ದು, ಮೇಲೆ 275 ವೋಲ್ಟ್ ಎಸಿ ಎಂದು ಬರೆದಿರಬೇಕು) ಸರಣಿಯಲ್ಲಿ, ಕಾಯಿಲಿನ ಎ1, ಎ2 ಟರ್ಮಿನಲ್‌ಗಳ ನಡುವೆ. ಸಾಮಾನ್ಯ ಸೆರಾಮಿಕ್ ಕೆಪಾಸಿಟರನ್ನು ಮೇನ್ಸಿಗೆ ಹಾಕಲೇಬೇಡಿ. ಇದು ಎಸಿ ಕಾಯಿಲ್, ಡಿಸಿ ಕಾಯಿಲಿಗೆ ಹಾಕುವ 4007 ಡಯೋಡ್ ಇಲ್ಲಿಗಲ್ಲ. ಸ್ನಬ್ಬರನ್ನು ರಿಲೇಯ ಸಂಪರ್ಕಕ್ಕೆ ಅಡ್ಡಲಾಗಿ ಹಾಕುವವರೂ ಇದ್ದಾರೆ. ಆದರೆ 50 ಹರ್ಟ್ಸ್‌ನಲ್ಲಿ 0.1 ಮೈಕ್ರೊಫ್ಯಾರಡ್ ಎಂದರೆ ಸುಮಾರು 32 ಕಿಲೊಓಮ್. ರಿಲೇ ಆಫ್ ಇದ್ದಾಗಲೂ 7 ಮಿಲಿಆಂಪಿಯರ್‌ನಷ್ಟು ಹರಿಯುತ್ತಿರುತ್ತದೆ, ಸಣ್ಣ ಕಾಂಟ್ಯಾಕ್ಟರ್ ಪೂರ್ತಿ ಬಿಡದೆ ಗುಂಯ್‌ಗುಡಬಹುದು. ಕಾಯಿಲ್ ಮೇಲೆ ಹಾಕಿದರೆ ಆ ರಗಳೆ ಇಲ್ಲ. ಎಂಸಿಬಿ ಇಳಿಸಿ, ಟೆಸ್ಟರ್‌ನಲ್ಲಿ ನೋಡಿಯೇ ಕೈ ಹಾಕಿ.

ಎರಡನೆಯದು ಸಪ್ಲೈ. ಒಂದೊಂದು ರಿಲೇ ಕಾಯಿಲ್ 70 ಓಮ್ ಆಸುಪಾಸು, 5 ವೋಲ್ಟಿಗೆ ಸುಮಾರು 71 ಮಿಲಿಆಂಪಿಯರ್. ನಾಲ್ಕಕ್ಕೆ 285, ಮೇಲೆ ಊನೊದ ಖರ್ಚು, ಎಲ್ಲವೂ 500 ಮಿಲಿಆಂಪಿಯರಿನ ಯುಎಸ್‌ಬಿಯಿಂದ. ರಿಲೇ ಬೋರ್ಡಿನಲ್ಲಿ ಜೆಡಿ-ವಿಸಿಸಿ ಎಂಬ ಜಂಪರ್ ಇದ್ದರೆ ಕಿತ್ತು, ಜೆಡಿ-ವಿಸಿಸಿ ಮತ್ತು ಗ್ರೌಂಡಿಗೆ ಬೇರೆ 5 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಕೊಡಿ. ಊನೊದಿಂದ ವಿಸಿಸಿ ಮತ್ತು ನಾಲ್ಕು ಸಿಗ್ನಲ್ ಮಾತ್ರ ಹೋಗಲಿ. ಗ್ರೌಂಡ್ ಸೇರಿಸಬೇಡಿ, ಸೇರಿಸಿದರೆ ಆಪ್ಟೊಕಪ್ಲರ್ (ಬೆಳಕಿನಿಂದ ಸಿಗ್ನಲ್ ದಾಟಿಸಿ ಎರಡು ಕಡೆಯನ್ನು ಬೇರೆ ಇಡುವ ಭಾಗ) ಇದ್ದೂ ಇಲ್ಲದಂತೆ.

ಯುಎಸ್‌ಬಿ ಕೇಬಲ್ ಒಂದು ಮೀಟರಿಗಿಂತ ಉದ್ದ ಬೇಡ, 230 ವೋಲ್ಟಿನ ತಂತಿಯ ಜೊತೆ ಕಟ್ಟಬೇಡಿ. ದೂರ ಬೇಕಿದ್ದರೆ ಯುಎಸ್‌ಬಿ ಎಳೆಯುವ ಬದಲು ದೂರಕ್ಕೆ ಹೊಂದುವ ಸೀರಿಯಲ್ ವಿಧಾನ ಆರ್‌ಎಸ್-485ಕ್ಕೆ ಹೋಗಿ. ಇಷ್ಟಾದರೂ ಬಿಡದಿದ್ದರೆ ಎಡಿಯುಎಂ4160 ಚಿಪ್ಪಿನ ಯುಎಸ್‌ಬಿ ಐಸೊಲೇಟರ್ ಇದೆ, ಆದರೆ ಸ್ನಬ್ಬರ್ ಹಾಕದೆ ಅದಕ್ಕೆ ದುಡ್ಡು ಸುರಿಯಬೇಡಿ.

ಬೆಸುಗೆಕಡ್ಡಿ:

ಟಿಟಿವೈಯುಎಸ್‌ಬಿ1 ಆಗುವುದು ಯಾಕೆಂದರೆ, ಬೋರ್ಡು ಮರಳಿ ಬಂದಾಗ ನಿಮ್ಮ ಪ್ರೋಗ್ರಾಂ ಇನ್ನೂ 0ಯನ್ನು ಹಿಡಿದುಕೊಂಡಿರುತ್ತದೆ, ಆ ಸಂಖ್ಯೆ ಖಾಲಿ ಇರುವುದಿಲ್ಲ. ಡೆವ್ ಅಡಿಯಲ್ಲಿ ಸೀರಿಯಲ್, ಅದರೊಳಗೆ ಬೈ-ಐಡಿ ಎಂಬ ಫೋಲ್ಡರ್ ಇದೆ. ಅಲ್ಲಿ 1ಎ86 (ಸಿಎಚ್340 ತಯಾರಕರ ಗುರುತು) ಇರುವ ಹೆಸರನ್ನೇ ಪೈಥಾನ್‌ಗೆ ಕೊಡಿ, ಸಂಖ್ಯೆ ಬದಲಾದರೂ ಅದು ಬದಲಾಗದು. ಸಿಎಚ್340 ಕ್ಲೋನ್‌ಗಳಿಗೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುವುದಿಲ್ಲ. ಮುಂದೆ ಎರಡನೇ ಬೋರ್ಡು ಹಾಕಿದರೆ ಎರಡರ ಹೆಸರೂ ಒಂದೇ ಆಗಿ ಗಲಿಬಿಲಿ. ಆಗ ಸಾಕೆಟ್ಟಿನ ಜಾಗದಿಂದ ಹೆಸರಿಡುವ ಬೈ-ಪಾತ್ ಫೋಲ್ಡರ್ ಬಳಸಿ, ಯಾವ ಬೋರ್ಡು ಯಾವ ಸಾಕೆಟ್ಟಿಗೆ ಎಂದು ಗುರುತು ಹಾಕಿಡಿ.

ಪೈಥಾನ್‌ನಲ್ಲಿ ಸೀರಿಯಲ್ ಎಕ್ಸೆಪ್ಷನ್ ಹಿಡಿದು, ಪೋರ್ಟ್ ಮುಚ್ಚಿ, 2 ಸೆಕೆಂಡ್ ಬಿಟ್ಟು ಮತ್ತೆ ತೆರೆಯಲು ಪ್ರಯತ್ನಿಸುತ್ತಿರಲಿ. ತೆರೆದಾಗ ಊನೊ ರೀಸೆಟ್ ಆಗಿರುತ್ತದೆ, ನಾಲ್ಕೂ ಆಫ್. "ರೆಡಿ" ಓದಿದ ಮೇಲೆ ಬಲ್ಬುಗಳ ಸ್ಥಿತಿ ಮತ್ತೆ ಕಳಿಸಿ. ಪಂಪನ್ನು ಮಾತ್ರ ತಾನಾಗಿ ಮತ್ತೆ ಆನ್ ಮಾಡಬೇಡಿ, ಅದಕ್ಕೆ ಯಾರಾದರೂ ಬಟನ್ ಒತ್ತಲಿ.

ತೋಟದಮನೆ:

ಸ್ನಬ್ಬರ್ ಕಾಯಿಲ್ ಮೇಲೆ ಹಾಕಿದೆ, ಜಂಪರ್ ಕಿತ್ತು ಬೇರೆ ಅಡಾಪ್ಟರ್ ಕೊಟ್ಟೆ. 60 ಸಲ ಆನ್-ಆಫ್ ಮಾಡಿಸಿ ನೋಡಿದೆ, ಪೋರ್ಟ್ ಒಮ್ಮೆಯೂ ಬೀಳಲಿಲ್ಲ. ಕೇಬಲ್ ಕೈಯಿಂದ ಕಿತ್ತು ನೋಡಿದೆ: ಅಡಾಪ್ಟರ್ ಇದ್ದರೂ ಊನೊದ ಪವರ್ ಹೋಗುವುದರಿಂದ ರಿಲೇ ಬಿಟ್ಟಿತು. ಕೇಬಲ್ ಇದ್ದು ಪ್ರೋಗ್ರಾಂ ಮಾತ್ರ ಫ್ರೀಜ್ ಮಾಡಿದಾಗ 5 ಸೆಕೆಂಡಿಗೆ ಪಂಪು ನಿಂತಿತು.